ಓಣಿಗೊಬ್ಬನೇ ಲೈಸನ್ಸುದಾರ

ಅಂಬಾದಾಸನ ಹತ್ತಿರ ಲೈಸನ್ಸ್ ಇತ್ತು, ಗಾಡಿ ಇರಲಿಲ್ಲ. ಅಕ್ಕಲಕೋಟದ ಆ ಓಣಿಯಲ್ಲಿ ಉಳಿದವರೆಲ್ಲರ ಹತ್ತಿರ ಗಾಡಿ ಇತ್ತು, ಲೈಸನ್ಸ್ ಇರಲಿಲ್ಲ. ಹರೆಯದಲ್ಲಿ ಸರಕಾರಿ ಎಸ್‌ಟಿ ಬಸ್ಸಿನ ಡ್ರೈವರ್ ಆಗುವ ಹುಚ್ಚಿನಲ್ಲಿ ಮಾಡಿಸಿಟ್ಟಿದ್ದ ಆ ಕಾರ್ಡೇ ಅವತ್ತು ಅವನ ಕೊರಳಿಗೆ ಸುತ್ತಿಕೊಂಡಿತು.

ಬೆಳಿಗ್ಗೆ ಅವನ ಹೆಂಡತಿಯ ತಮ್ಮ ನಿತಿನ, ಹನ್ನೂರಿಗೆ ಹೋಗುವ ರಸ್ತೆಯಲ್ಲಿ ತನ್ನ ಪಿಕಪ್ ಗಾಡಿಯನ್ನು ಕಣ್ಣುಮುಚ್ಚಿ ಓಡಿಸಿ, ಬದಿಯಲ್ಲಿ ನಡೆದು ಹೋಗುತ್ತಿದ್ದ ಹಿರಾಬಾಯಿ ಎಂಬ ಮುದುಕಿಗೆ ಗುದ್ದಿದ್ದ. ಅವಳ ಕಾಲು ಮುರಿದಿತ್ತು. ದಾರಿಹೋಕರು ಅವಳನ್ನು ದವಾಖಾನೆಗೆ ಒಯ್ದರೆ, ಈ ಮಹಾರಾಯ ಗಾಡಿಯನ್ನು ಅಲ್ಲೇ ಬಿಟ್ಟು ಓಡಿ ಬಂದು ಅಕ್ಕನ ಮನೆಯ ಕಟ್ಟೆಯ ಮೇಲೆ ಚಹಾ ಕುಡಿಯುತ್ತಿದ್ದ. ಇಂಥವರ ನಾಚಿಕೆಗೆ ಬೆಂಕಿ ಹಾಕಬೇಕು.

"ದಾಜಿ, ಗಾಡಿ ನೀವ ಹೊಡದೀರಿ ಅಂತ ಪೊಲೀಸರಿಗೆ ಹೇಳ್ರಿ. ನಿಮ್ಮ ಕಡೆ ಲೈಸನ್ಸ್ ಐತಿ, ನನ್ನ ಕಡೆ ಇಲ್ಲ," ಎಂದ ನಿತಿನ ಅಕ್ಕನ ಗಂಡನಿಗೆ.

"ಏನಂದಿ?" ಅಂಬಾದಾಸ ಸಿಡಿದೆದ್ದ. "ಗುದ್ದಾಂವ ನೀ, ಒದ್ದಾಡಾಕಿ ಆ ಮುದುಕಿ, ಸಿಕ್ಕೊಳ್ಳಾಂವ ನಾನಾ? ನಾಳಿಂದ ಎಂಐಡಿಸಿ ಕಾರ್ಖಾನಿ ಏರಿಯಾದ ಮಿಲ್ಲಿನಾಗ ವಾಚಮನ್ ಕೆಲಸಕ್ಕ ಹೋಗಬೇಕು. ಹೆಸರಿನ ಮ್ಯಾಲ ಪೊಲೀಸ್ ಕೇಸ್ ಬಿದ್ರ ಗೇಟಿನೊಳಗ ಬಿಡ್ತಾರೇನು ಅವರು?"

ಕೂಗಾಟಕ್ಕೆ ಓಣಿ ಕೂಡಿತು. ಒಬ್ಬರೂ ಮುದುಕಿಯ ಕಾಲಿನ ಮಾತೆತ್ತಲಿಲ್ಲ.

"ಟ್ರಂಕಿನಾಗ ಇಟ್ಟು ಪೂಜಿ ಮಾಡಾಕ ತಗಸೀ ಏನು ಲೈಸನ್ಸ್?" ಎಂದಳು ಪಕ್ಕದ ಮನೆಯ ಹಣಮವ್ವ.

"ನನ್ನ ತವರಿನವರಂದ್ರ ನಿಮಗ ಕಸಾ!" ಹೆಂಡತಿ ಸಾರಿಕಾ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು.

ಅಂಬಾದಾಸ ಕಾದ ಹಂಚಿಗೆ ಬಿದ್ದ ಜೋಳದ ಹಾಗೆ ಚಟಪಟ ಸಿಡಿಯುತ್ತಿದ್ದ. ಆಗ ನಿತಿನ ಮೆಲ್ಲಗೆ ಕೊನೆಯ ಬಾಣ ಬಿಟ್ಟ. "ಲೈಸನ್ಸ್ ಇಲ್ದಾಂವ ಹೊಡದಾನಂದ್ರ ವಿಮಾ ಕಂಪನಿಯವರು ತಕರಾರು ತಗೀತಾರ. ಹಿರಾಬಾಯಿ ದವಾಖಾನಿ ಖರ್ಚು ಯಾರು ಕೊಡಬೇಕ್ರಿ?"

ಆ ಒಂದು ಮಾತಿಗೆ ಅಂಬಾದಾಸನಿಗೆ ಮುದುಕಿಯ ಮುರಿದ ಕಾಲು ನೆನಪಾಯಿತು. ನಿತಿನ ಬಿಡಿಗಾಸು ಬಿಚ್ಚುವವನಲ್ಲ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಹಲ್ಲು ಕಡಿಯುತ್ತ ಟ್ರಂಕಿನಿಂದ ಕಾರ್ಡು ತೆಗೆದು, ನಿತಿನನ ಜೊತೆ ಠಾಣೆಗೆ ನಡೆದ.

"ಗಾಡಿ ನಾನ ಹೊಡದೀನ್ರಿ!" ಎಂದು ಹವಾಲ್ದಾರನ ಮುಂದೆ ಒದರಿದ. ಸಿಟ್ಟಿನಲ್ಲಿ ಹಾಳೆ ಹರಿಯುವ ಹಾಗೆ ಪೆನ್ನು ಒತ್ತಿ ಹೇಳಿಕೆಗೆ ಸಹಿ ಹಾಕಿದ.

ಹವಾಲ್ದಾರ ಕಾರ್ಡನ್ನು ತಿರುವಿ ಹಾಕಿ ನೋಡಿದ. "ಏನೋ ಇದು? ಇದರ ಮುದತ್ತು ಹ್ವಾದ ವರ್ಷನ ಮುಗದೈತಿ. ಅಂದ್ರ ಲೈಸನ್ಸ್ ಇಲ್ದ ಗಾಡಿ ಹೊಡದು ಮುದುಕಿ ಕಾಲು ಮುರದಿ! ಆ ಕಾಯ್ದೇದ ಕಲಮೂ ಕೇಸಿಗೆ ಹಚ್ಚಬೇಕು ಈಗ." ಆಮೇಲೆ ನಿತಿನನ ಕಡೆ ಹೊರಳಿದ. "ಗಾಡಿ ಮಾಲಕ ನೀ ಏನು? ಲೈಸನ್ಸ್ ಇಲ್ದವನ ಕೈಯಾಗ ಗಾಡಿ ಕೊಟ್ರ ನಿನ್ನ ಮ್ಯಾಲೂ ಕೇಸ್ ಆಗ್ತೈತಿ."

ಈಗಲಾದರೂ ಇವನು ನಿಜ ಬೊಗಳುತ್ತಾನೆ ಎಂದು ಅಂಬಾದಾಸ ಕಾದ. ನಿತಿನ ಕುರ್ಚಿ ತಳ್ಳಿ ಎದ್ದು ನಿಂತ.

"ನಾ ಎಲ್ಲಿ ಕೊಟ್ಟೀನ್ರಿ ಸಾಹೇಬ್ರ? ನಾ ಮಲಗಿದಾಗ ಚಾವಿ ಒಯ್ದಾರ್ರಿ ಇವರು! ದಾಜಿ, ಲೈಸನ್ಸ್ ಇಲ್ದ ನನ್ನ ಗಾಡಿ ಮುಟ್ಟಾಕ ನಿಮಗೆಷ್ಟು ಧೈರ್ಯ? ಆ ಬಡ ಮುದುಕಿ ಸತ್ತಿದ್ರ ಏನು ಮಾಡ್ತಿದ್ರಿ? ಕಳವಿನ ಕಲಮೂ ಹಚ್ರಿ ಸಾಹೇಬ್ರ!"

ಹವಾಲ್ದಾರ ಇನ್ನೊಂದು ಹಾಳೆ ತೆಗೆದುಕೊಂಡ.