ಗಿಡ ತಟ್ಟುವ ಮಾಮಾ

ನಮ್ಮ ಸೋದರಮಾವನ ಜೊತೆ ಬೆಳಗಾವಿ ನೋಡಲು ಹೊರಟವರು ಊರು ನೋಡಿದ್ದು ಕಡಿಮೆ, ನಾಚಿಕೆಯಿಂದ ತಲೆ ತಗ್ಗಿಸಿದ್ದೇ ಹೆಚ್ಚು! ಖಾನಾಪುರದ ಕಾಡಿನಂಚಿನಲ್ಲಿ ಬೆಳೆದವನು. ಯಾವ ಮರದ ಕೆಳಗೂ ಸುಮ್ಮನೆ ಕೂರುವವನಲ್ಲ. ಮೊದಲು ಬೆರಳ ಗೆಣ್ಣಿನಿಂದ ಬೊಡ್ಡೆಗೆ ಟಕ್ ಟಕ್ ಎಂದು ತಟ್ಟಬೇಕು, ಕಿವಿಯಿಟ್ಟು ಕೇಳಬೇಕು, ಆಮೇಲೆ ‘ಗಟ್ಟಿ ಐತಿ, ಕುಂದರು’ ಎಂದು ಅಪ್ಪಣೆ ಕೊಡಬೇಕು. ಅಲ್ಲಿಯತನಕ ನಾವು ಬಿಸಿಲಲ್ಲಿ ದೀಪದ ಕಂಬಗಳು!

ಕಾಲೇಜು ಮುಗಿಸಿ ಇಲ್ಲೇ ಕೆಲಸಕ್ಕಿರುವ ನಾನು, ಅವನು ರೈಲಿಳಿದಾಗಲೆಲ್ಲ ಊರು ತೋರಿಸಬೇಕು. ದಂಡು ಪ್ರದೇಶವಾದ ಕ್ಯಾಂಪಿನಲ್ಲಿ ಒಮ್ಮೆ ಹಳೇ ಬಂಗಲೆಯ ಮುಂದಿನ ಮರ ತಟ್ಟಿದ. ಒಳಗಿನಿಂದ ಅಜ್ಜಿಯೊಬ್ಬರು ಬಂದರು.

‘ಯಾರು ಬೇಕ್ರಿ?’

‘ಯಾರೂ ಬ್ಯಾಡ್ರಿ ಬಾಯಾರ, ಗಿಡಾ ಮಾತಾಡಸಾಕತ್ತೇನಿ.’

ಅಜ್ಜಿ ಒಳಗೆ ಹೋಗಿ ಚಿಲಕ ಹಾಕಿಕೊಂಡ ಸದ್ದು ರಸ್ತೆಗೇ ಕೇಳಿಸಿತು!

ಕೋಟೆಯೊಳಗಿನ ಬಸದಿಯಲ್ಲಿ ಕೈ ಸುಮ್ಮನಿರದೆ ಕಂಬಕ್ಕೂ ತಟ್ಟಿದ. ‘ಕಾಕಾ, ಅದು ಕಲ್ಲರೀ!’ ಎಂದು ಕಾವಲುಗಾರ ನಕ್ಕ.

‘ಅದಕ್ಕ ಇಷ್ಟ ವರ್ಷ ನಿಂತೈತಿ ತಮ್ಮಾ. ಗಿಡಾ ಆಗಿದ್ದರ ಯಾರರ ಕಡೀತಿದ್ದರು!’

ಇಲ್ಲಿಯತನಕ ನಗುತ್ತಲೇ ಬರೆದೆ.

ಮಳೆಗಾಲ ಮುಗಿದ ಮೇಲಿನ ಒಂದು ಸಂಜೆ, ಊರ ನಡುವಿನ ಉದ್ಯಾನ. ಮಾಮಾ ತಟ್ಟಿದ, ಆಲಿಸಿದ, ‘ಗಟ್ಟಿ ಐತಿ, ಕುಂದರವ್ವಾ’ ಎಂದ. ಮರದಡಿಯ ಬೆಂಚಿನ ಮೇಲೆ ಕೂತು ಕುಂದಾ ಮಿಠಾಯಿಯ ಡಬ್ಬಿ ಬಿಚ್ಚುತ್ತಿದ್ದೆವು. ಗಾಳಿಯಿಲ್ಲ, ಮಳೆಯಿಲ್ಲ. ಮೇಲೆ ‘ಚಟ್’ ಎಂದಿತು. ನಾನು ತಲೆಯೆತ್ತುವ ಮೊದಲೇ ಮಾಮಾ ನನ್ನ ಜಡೆ ಹಿಡಿದು ಆಚೆಗೆ ಎಳೆದ. ಹುಲ್ಲಿನ ಮೇಲೆ ಬಿದ್ದು ತಿರುಗಿ ನೋಡಿದರೆ ಬೆಂಚಿರಲಿಲ್ಲ, ಕೊಂಬೆ ಇತ್ತು. ಅದರಡಿ ಮಾಮಾನ ಬಲಗೈ, ತಟ್ಟುವ ಕೈ.

‘ಕುಂದಾ ಹ್ವಾತಲ್ಲವ್ವಾ’ ಎಂದ.

ಮೂಳೆ ಕೂಡಿತು. ಮಾಮಾ ತಟ್ಟುವುದನ್ನೇ ಬಿಟ್ಟ, ಇತ್ತ ಬರುವುದನ್ನೂ ಬಿಟ್ಟ. ಫೋನಿನಲ್ಲಿ ಒಂದೇ ಮಾತು: ‘ನನ್ನ ಕಿವಿ ಸುಳ್ಳ ಹೇಳಿತವ್ವಾ. ನಾನ ನಿನ್ನ ಅಲ್ಲಿ ಕುಂದರಿಸಿದ್ದೆ.’ ನನಗೋ, ಬಾಗಿಲು ಬಡಿದುಕೊಂಡರೂ ಆ ‘ಚಟ್’ ಕೇಳುತ್ತದೆ. ಮರವಿಲ್ಲದ ರಸ್ತೆ ಹುಡುಕಿ ಆಫೀಸಿಗೆ ಹೋಗುತ್ತೇನೆ. ಅಂಥ ರಸ್ತೆಗಳಿಗೆ ಈಗ ನಮ್ಮೂರಲ್ಲಿ ಬರವೇನಿಲ್ಲ, ಅದೊಂದು ಅನುಕೂಲ!

ಮೊನ್ನೆ ಹಟ ಹಿಡಿದು ಮಾಮಾನನ್ನು ಕರೆಸಿದೆ. ಕೋಟೆ ಕೆರೆಯ ದಂಡೆಯಲ್ಲಿ ರಣಬಿಸಿಲು. ನೆರಳಿದ್ದ ಬೆಂಚು ಖಾಲಿಯಿದ್ದರೂ ಇಬ್ಬರೂ ದೂರವೇ ನಿಂತೆವು. ಕೊನೆಗೆ ನಾನೇ ಹೋಗಿ ಮರ ತಟ್ಟಿದೆ. ಕೇಳಿಸಿದ್ದು ನನ್ನ ಎದೆಬಡಿತವೊಂದೇ.

‘ಗಟ್ಟಿ ಐತಿ ಮಾಮಾ. ಬಾ, ಕುಂದರು.’

‘ನಿನಗೇನ ತಿಳೀತೈತಿ?’

‘ಏನೂ ಇಲ್ಲ.’

ಬಂದ. ಕೊಂಬೆಯ ನೇರಕ್ಕೆ ತಾನು ಕೂತು, ನನ್ನನ್ನು ಬೆಂಚಿನ ಬಿಸಿಲ ತುದಿಗೆ ಸರಿಸಿದ. ಎಡಗೈಯಲ್ಲಿ ನನ್ನ ಜಡೆಯ ತುದಿ ಹಿಡಿದುಕೊಂಡ. ಎದ್ದು ಹೊರಡುವವರೆಗೂ ಬಿಡಲಿಲ್ಲ.