ಕೊಡುಬಳೆಯ ಕ, ಸೋರೆಕಾಯಿಯ ಆನೆ

ಚಿಕ್ಕ ಮಕ್ಕಳ ಕೈಗೆ ಒಂದು ಮುದ್ದೆ ಹಿಟ್ಟನ್ನೋ ಮಣ್ಣನ್ನೋ ಕೊಟ್ಟು, ಹಬ್ಬಕ್ಕೆ ಏನಾದರೂ ಮಾಡ್ರಪ್ಪಾ ಅಂತ ಹೇಳಿ ಐದು ನಿಮಿಷ ಆಚೆ ಹೋಗಿ ಬನ್ನಿ. ಬರೋ ಹೊತ್ತಿಗೆ ಏನೋ ಒಂದು ನಡೆದಿರುತ್ತೆ. ನಾನು ಅಮೃತಹಳ್ಳಿಯಲ್ಲಿ ಶಿಶುವಿಹಾರ ನಡೆಸಿದಷ್ಟು ವರ್ಷವೂ ಹೀಗೇ ನಡೀತು. ಈಗ ನೆನೆಸಿಕೊಂಡರೂ ಒಬ್ಬಳೇ ಕೂತು ನಗ್ತೀನಿ. ಮನೆಯವರು ಅಡುಗೆಮನೆಗೆ ಬಂದು ನೋಡಿಕೊಂಡು ಹೋಗ್ತಾರೆ.

ನಾನು ಯಶವಂತಪುರದವಳು. ಮದುವೆಯಾಗಿ ಹೆಬ್ಬಾಳಕ್ಕೆ ಬಂದೆ. ಐವತ್ತರ ದಶಕ ಅದು. ಒಂದು ಮಹಿಳಾ ಸಮಾಜದವರು ಹಳ್ಳಿ ಮಕ್ಕಳಿಗೆ ಶಿಶುವಿಹಾರ ಮಾಡಬೇಕು, ಬರ್ತೀರಾ ಅಂತ ಕೇಳಿದರು. ಒಪ್ಪಿಕೊಂಡೆ. ಅಮೃತಹಳ್ಳಿಯ ಗೌಡರು ತಮ್ಮ ಹಳೇ ಕೊಟ್ಟಿಗೆ ಬಿಟ್ಟುಕೊಟ್ಟರು. ಸಗಣಿ ಸಾರಿಸಿ, ಸುಣ್ಣ ಬಳಿದು, ದನಕ್ಕೆ ಮೇವು ಹಾಕುತ್ತಿದ್ದ ಗೋದಲಿಗೆ ಹಲಗೆ ಹಾಕಿದ ಮೇಲೆ ಅದೇ ನಮ್ಮ ಶಾಲೆ, ಗೋದಲಿಯೇ ಮೇಜು. ಸ್ಲೇಟು ಬಳಪಕ್ಕಿಂತ ಹಬ್ಬದ ತಿಂಡಿ, ಕೈಕೆಲಸ ಇವುಗಳಿಂದಲೇ ಮಕ್ಕಳು ಬೇಗ ಕಲೀತಾರೆ ಅನ್ನೋದು ನನ್ನ ನಂಬಿಕೆ. ಊರಿನವರಿಗೆ ಆ ನಂಬಿಕೆ ಇರಲಿಲ್ಲ. "ಇಟ್ಟು ಮಣ್ಣು ಕಲ್ಸಕ್ಕೆ ಸ್ಕೂಲ್ ಯಾಕವ್ವ, ಮನೇಲೇ ಕಲ್ಸ್ತವೆ" ಅಂತಿದ್ದರು.

ಸೊಂಡಿಲಿಲ್ಲದ ಗಣೇಶ

ಮೊದಲನೇ ವರ್ಷದ ಗಣೇಶನ ಹಬ್ಬ. ಮಕ್ಕಳನ್ನ ನೋಡಿಕೊಳ್ಳೋಕೆ ಇದ್ದ ಆಯಾ, ಊರ ಕೆರೆಯಿಂದ ಒಂದು ಬುಟ್ಟಿ ಜೇಡಿಮಣ್ಣು ತಂದಳು. ಸಣ್ಣ ಉಂಡೆ ತಲೆ, ದೊಡ್ಡ ಉಂಡೆ ಹೊಟ್ಟೆ, ಉದ್ದಕ್ಕೆ ಹೊಸೆದರೆ ಸೊಂಡಿಲು ಅಂತ ತೋರಿಸಿಕೊಟ್ಟೆ. ಮಕ್ಕಳು ಮೊಣಕೈವರೆಗೂ ಮಣ್ಣು ಮಾಡಿಕೊಂಡು ಕೂತವು. ಮಧ್ಯಾಹ್ನದ ಹೊತ್ತಿಗೆ ಗೋದಲಿಯ ಉದ್ದಕ್ಕೂ ಗಣೇಶಗಳು. ಒಂದಕ್ಕೆ ಹೊಟ್ಟೆ ಹೆಚ್ಚಾಗಿ ಮಗ್ಗುಲಿಗೆ ಮಲಗಿತ್ತು, ಇನ್ನೊಂದರ ಸೊಂಡಿಲು ನೆಲಕ್ಕೆ ಬಂದು ಮತ್ತೆ ಮೇಲಕ್ಕೆ ಹೋಗಿತ್ತು. ಆದರೂ ಎಲ್ಲವೂ ಗಣೇಶ ಅಂತ ಗೊತ್ತಾಗ್ತಿತ್ತು. ನನಗೆ ಹೆಮ್ಮೆಯೋ ಹೆಮ್ಮೆ.

ಕೊನೆಯಲ್ಲಿ ಕುಂಬಾರರ ಹುಡುಗ ಮಾಡಿದ್ದಿತ್ತು. ಕೈ, ಕಾಲು, ಹೊಟ್ಟೆ, ಕೂತ ಭಂಗಿ ಎಲ್ಲ ಅಚ್ಚುಕಟ್ಟು. ಮುಖ ಮಾತ್ರ ಮನುಷ್ಯರ ಮುಖ. ಪುಟ್ಟ ಮೂಗು, ಎರಡು ಕಿವಿ, ಬೈತಲೆ ತೆಗೆದ ಕ್ರಾಪು.

"ಸೊಂಡಿಲು ಎಲ್ಲಪ್ಪಾ?" ಅಂದೆ.

ಅವನು ತಲೆ ಎತ್ತಲೂ ಇಲ್ಲ. ಕಾಲಿನ ಬೆರಳು ತಿದ್ದುತ್ತಾನೇ ಹೇಳಿದ, "ಅವ್ರಪ್ಪ ಇನ್ನೂ ಮನೆಗ್ ಬಂದಿಲ್ಲ ಟೀಚರಮ್ಮ."

ಕ

ಗೌಡರ ಮೊಮ್ಮಗನಿಗೆ ಅಕ್ಷರ ಹತ್ತುತ್ತಿರಲಿಲ್ಲ. ಸ್ಲೇಟಿನ ಮೇಲೆ ಕ ಬರಿ ಅಂದರೆ ಒಂದು ಸೊನ್ನೆ ಬರೆದು, ಅದರ ಮೇಲೆ ಇನ್ನೊಂದು ಸೊನ್ನೆ ಬರೆದು, ಮುಂದೇನು ಅನ್ನೋ ಹಾಗೆ ನನ್ನ ಮುಖ ನೋಡುತ್ತಿದ್ದ. ಗೌಡರು ದಿನಾ ಸಂಜೆ ಮೊಮ್ಮಗನನ್ನ ಕೇಳೋರು, ಏನ್ ಕಲ್ತೆ ಅಂತ. ಅವನು ಹಾಡು ಹೇಳಿ ಕುಣಿದು ತೋರಿಸೋನು. ಒಂದು ದಿನ ಗೌಡರೇ ಬಂದರು. "ಟೀಚರಮ್ಮ, ತಪ್ಪು ತಿಳ್ಕೋಬೇಡಿ. ಕುಣಿಯಾದು ನಮ್ ಕರುಗೂ ಬತ್ತದೆ. ಸುಗ್ಗಿ ಆದ್ಮೇಲೆ ಕೊಟ್ಟಿಗೇಲಿ ರಾಗಿ ತುಂಬೋಣ ಅಂತಿವ್ನಿ" ಅಂದರು. ಅದೇ ವಾರ ಸಮಾಜದಿಂದ ಮೇಲ್ವಿಚಾರಕಿ ಬರ್ತಾರೆ ಅಂತಲೂ ಸುದ್ದಿ ಬಂತು. ಅವರು ಬೇಡ ಅಂದರೆ ಶಾಲೆ ಅಲ್ಲಿಗೇ ಮುಗೀತು.

ಗೋಕುಲಾಷ್ಟಮಿ ಹತ್ತಿರ ಇತ್ತು. ಮನೆಯಿಂದ ಕೊಡುಬಳೆ ಹಿಟ್ಟು ಕಲಸಿಕೊಂಡು ಹೋದೆ. ಬಳೆ ಮಾಡೋದು ಬೇಡ, ಇವತ್ತು ಅಕ್ಷರ ಮಾಡೋಣ ಅಂದೆ. ಮಕ್ಕಳು ಹಿಟ್ಟು ಹೊಸೆದು ಹೊಸೆದು ಹಲಗೆ ಮೇಲೆ ಬಗ್ಗಿಸಿದವು. ಆಯಾ ಹಿತ್ತಲಲ್ಲಿ ಒಲೆ ಹೂಡಿ ಒಂದೊಂದೇ ಅಕ್ಷರ ಎಣ್ಣೆಗೆ ಬಿಟ್ಟಳು. ಗೌಡರ ಮೊಮ್ಮಗ ತುಂಬಾ ಹೊತ್ತು ಕೂತಿದ್ದ. ನೋಡಿದರೆ ಅವನ ಮುಂದೆ ಒಂದು ಕ. ತಲೆಕಟ್ಟು, ನಡುವಿನ ಗೆರೆ, ಕೆಳಗಿನ ಗುಂಡು, ಎಲ್ಲ ಇದ್ದ ಕ. ಕರಿದ ಮೇಲೆ ಹೊಂಬಣ್ಣ ಬಂದು ಇನ್ನೂ ಚೆನ್ನಾಗಿ ಕಂಡಿತು. ಅವನು ಅದನ್ನ ಮುತ್ತುಗದ ಎಲೆಯ ಮೇಲಿಟ್ಟು ಕಾಯ್ತಾ ಕೂತ.

ಸರಿಯಾಗಿ ಆಗಲೇ ಮೇಲ್ವಿಚಾರಕಿ ಬಂದರು. ಹೆಬ್ಬಾಳದಿಂದ ಬಿಸಿಲಲ್ಲಿ ನಡೆದು ಬಂದಿದ್ದರು, ಹಸಿದಿದ್ದರು. ಕೂತ ತಕ್ಷಣ ಎದುರಿಗಿದ್ದ ಎಲೆಯಿಂದ ಒಂದು ತೆಗೆದು ಬಾಯಿಗೆ ಹಾಕಿಕೊಂಡು, "ಕಾರ ಹದವಾಗಿದೆ ಕಣ್ರೀ" ಅಂದರು. ಆಮೇಲೆ ಎದುರಿಗಿದ್ದ ಹುಡುಗನನ್ನೇ ಕೇಳಿದರು, "ಮರೀ, ನಿಂಗೆ ಕ ಬರುತ್ತಾ?"

ಹುಡುಗ ಅವರ ಬಾಯನ್ನೇ ನೋಡುತ್ತಾ, "ಬಂದಿತ್ತು. ನೀವ್ ತಿಂದ್ಬುಟ್ರಿ" ಅಂದ.

ಮೇಲ್ವಿಚಾರಕಿ ಅಗಿಯೋದು ನಿಲ್ಲಿಸಿದರು. ಹುಡುಗ ಮಾತ್ರ ಎದ್ದು ಹೋಗಿ ಇನ್ನೊಂದು ಉಂಡೆ ಹಿಟ್ಟು ತಂದ. ಅವರ ಕಣ್ಣೆದುರೇ ಹೊಸೆದು, ಬಗ್ಗಿಸಿ, ಇನ್ನೊಂದು ಕ ಮಾಡಿ ಎರಡು ಕೈಯನ್ನೂ ಅದಕ್ಕೆ ಅಡ್ಡ ಹಿಡಿದ. "ಇದ್ನ ತಿನ್ಬ್ಯಾಡಿ. ನಮ್ ತಾತಂಗೆ ತೋರಿಸ್ಬೇಕು."

ಮೇಲ್ವಿಚಾರಕಿ ಶಾಲೆ ನಡೀಲಿ ಅಂದುಬಿಟ್ಟರು. ಆಯಾ ಆ ಕ ಕೂಡ ಕರಿದುಕೊಟ್ಟಳು. ಗೌಡರು ಮೊಮ್ಮಗನ ಕ ತಗೊಂಡು ಹೋಗಿ ದೇವರ ಪಟದ ಪಕ್ಕ ಮೊಳೆ ಹೊಡೆದು ನೇತುಹಾಕಿದರು. ಬಂದವರಿಗೆಲ್ಲ ತೋರಿಸಿದ್ದೇ ತೋರಿಸಿದ್ದು. ಕೆಲವು ದಿನದಲ್ಲಿ ಅದಕ್ಕೆ ಇರುವೆ ಮುತ್ತಿ ಒಂದು ಚೂರೂ ಉಳಿಸಲಿಲ್ಲ. ಅಯ್ಯೋ ಪಾಪ ಅಂತ ನಾನಂದರೆ ಗೌಡರು ಮೀಸೆ ತಿರುವಿಕೊಂಡು ಅಂದರು, "ಓಗ್ಲಿ ಬುಡಿ ಟೀಚರಮ್ಮ. ನಮ್ಮನೆ ಇರುವೆಗೂ ಅಕ್ಸರ ಬಂದಂಗಾಯ್ತು."

ರಾಗಿ ಬೇರೆ ಕಡೆ ತುಂಬಿಸಿದರು.

ತೋರಣ

ಯುಗಾದಿಗೆ ಮಾವಿನೆಲೆ ತೋರಣ ಕಟ್ಟೋದು ಕಲಿಸಿದೆ. ಎಲೆ ಮಡಚಿ ತೆಂಗಿನ ಕಡ್ಡಿ ಚುಚ್ಚೋದು, ಮಕ್ಕಳ ಬೆರಳಿಗೆ ಅದಕ್ಕಿಂತ ಒಳ್ಳೇ ಅಭ್ಯಾಸ ಇಲ್ಲ. ಕಲಿತ ಮೇಲೆ ನಿಲ್ಲಿಸೋದು ಹೇಗೆ ಅಂತ ನಾನು ಕಲಿಸಿರಲಿಲ್ಲ. ಶಾಲೆಗೆ ಕಟ್ಟಿದರು, ಮನೆಮನೆಗೆ ಕಟ್ಟಿದರು, ಬಾವಿ ರಾಟೆಗೆ ಕಟ್ಟಿದರು. ಇನ್ನೂ ಎಲೆ ಉಳಿದಿತ್ತು. ಟಾರು ರಸ್ತೆಯಲ್ಲಿ ಯಲಹಂಕದಿಂದ ಬಂದ ಬಸ್ಸು ನಿಂತಿತ್ತು, ಡ್ರೈವರೂ ಕಂಡಕ್ಟರೂ ಟೀ ಕುಡಿಯಲಿಕ್ಕೆ ಹೋಗಿದ್ದರು. ಬಸ್ಸಿಗೂ ಕಟ್ಟಿದರು. ಮುಂದಕ್ಕೊಂದು, ಬಾಗಿಲಿಗೊಂದು, ಹಿಂದಿನ ಏಣಿಗೆ ಬೇವಿನ ಸೊಪ್ಪು.

ಮಾರನೇ ದಿನ ಕಂಡಕ್ಟರ್ ಶಾಲೆಗೇ ಬಂದ. "ಏನಮ್ಮಾ ಇದು, ಹೆಬ್ಬಾಳದಿಂದ ಮಾರ್ಕೆಟ್‌ವರೆಗೂ ಒಬ್ರೂ ಕೈ ತೋರಿಸ್ಲಿಲ್ಲ. ಎಲ್ರೂ ಮದುವೆ ದಿಬ್ಬಣ ಅಂದ್ಕೊಂಡು ಪಕ್ಕಕ್ಕೆ ಸರ್ಕೊಂಡು ದಾರಿ ಬಿಟ್ರು" ಅಂದ. ನಾನು ಮಕ್ಕಳ ಪರವಾಗಿ ಏನೋ ಸಮಾಧಾನ ಹೇಳ್ತಿದ್ದೆ. ಅಷ್ಟರಲ್ಲಿ ಡ್ರೈವರ್ ಹಿಂದಿನಿಂದ ಇಣುಕಿ, ಮೆಲ್ಲಗೆ ಕೇಳಿದ, "ಇವತ್ತೂ ಒಂದ್ ಕಟ್ತೀರಾ ಮೇಡಂ? ಗಾಡಿ ಓಡ್ಸಕ್ಕೆ ಹಾಯಾಗಿತ್ತು."

ಬೆಳ್ಳಿ ಕಾಗದದ ಚಂದ್ರ

ಊರಿನ ದರ್ಜಿ ಸಾಹೇಬರ ಮಗಳು ನಮ್ಮ ಶಾಲೆಗೆ ಬರ್ತಿದ್ದಳು. ರಂಜಾನ್ ಮುಗಿಯೋ ಹೊತ್ತು. ಹಬ್ಬ ಯಾವಾಗಮ್ಮಾ ಅಂದರೆ, "ಚಂದ್ರ ಕಂಡ್ರೆ ಹಬ್ಬ. ನಮ್ ದಾದಾಗೆ ಮಾತ್ರ ಕಾಣಲ್ಲ. ಅವ್ರ ಕಣ್ಣು ಮಬ್ಬು. ಎಲ್ರೂ ಅಲ್ಲಿ ನೋಡು ಅಂತಾರೆ, ಅವ್ರು ಸುಮ್ನೆ ಹೂಂ ಅಂತಾರೆ" ಅಂದಳು. ದಾದಾ ಅಂದರೆ ಅವಳ ತಾತ. ಮಕ್ಕಳಿಗೆ ಇದು ಬಹಳ ಅನ್ಯಾಯ ಅನ್ನಿಸಿತು.

ಅವತ್ತು ಕಾಗದ ಕತ್ತರಿಸೋ ಪಾಠ. ರಟ್ಟಿನಲ್ಲಿ ಚಂದ್ರ ಕತ್ತರಿಸಿ ಸಿಗರೇಟು ಪ್ಯಾಕಿನ ಬೆಳ್ಳಿ ಕಾಗದ ಅಂಟಿಸಿದೆವು. ಮೊರದಷ್ಟು ದೊಡ್ಡ ಚಂದ್ರ. ಶಾಲೆ ಬಿಟ್ಟ ಮೇಲೆ ಮಕ್ಕಳು ಅದನ್ನ ಒಯ್ದು ದರ್ಜಿಯವರ ಮನೆ ಎದುರಿನ ಹೊಂಗೆ ಮರಕ್ಕೆ ಕಟ್ಟಿದ್ದು ನನಗೆ ಗೊತ್ತಿರಲಿಲ್ಲ.

ಸೂರ್ಯ ಮುಳುಗೋ ಹೊತ್ತಿಗೆ ದಾದಾ ಜಗುಲಿಗೆ ಬಂದು ತಲೆ ಎತ್ತಿದ್ದಾರೆ. ಎದುರಿಗೇ ಹೊಳೀತಾ ಇದೆ. ಎರಡು ಕೈ ಎತ್ತಿ ಪ್ರಾರ್ಥನೆ ಮಾಡಿ, ಒಳಗೆ ಹೋಗಿ ಸೊಸೆಗೆ ಹಬ್ಬದ ಪಾಯಸ ಸುರ್ಕುಂಬಕ್ಕೆ ಹಾಲಿಡು ಅಂದಿದ್ದಾರೆ. ಅಷ್ಟರಲ್ಲಿ ಮಗ ಯಲಹಂಕದಿಂದ ಸೈಕಲ್ಲಿನಲ್ಲಿ ಬಂದು, "ಮೋಡ ಅಬ್ಬಾ, ಯಾರಿಗೂ ಕಾಣ್ಲಿಲ್ಲ" ಅಂದಿದ್ದಾನೆ. "ಯಲಹಂಕದಲ್ಲಿ ಯಾರಿಗೂ ಕಣ್ಣಿಲ್ಲ. ಬಾ ಇಲ್ಲಿ" ಅಂತ ದಾದಾ ಅವನನ್ನ ಕೈಹಿಡಿದು ಕರ್ಕೊಂಡು ಬಂದು ತೋರಿಸಿದ್ದಾರೆ. ಆಗ ಗಾಳಿ ಬೀಸಿ ಚಂದ್ರ ಗಿರ್ರಂತ ತಿರುಗಿತು.

ಬೆಳಿಗ್ಗೆ ದಾದಾ ಕೋಲೂರಿಕೊಂಡು ಶಾಲೆ ಕಡೆ ಬರ್ತಿರೋದು ನೋಡಿ, ಬೈಸಿಕೊಳ್ಳೋಕೆ ತಯಾರಾಗಿ ಎದ್ದು ನಿಂತೆ. ಅವರು ಬಾಗಿಲಲ್ಲಿ ನಿಂತು, "ಅದನ್ನ ಬಿಚ್ಚಬೇಡಿ ಅಂತ ಮಕ್ಳಿಗೆ ಹೇಳಮ್ಮ. ಇವತ್ತು ಅಸಲಿ ಬರ್ತೈತೆ. ಪಕ್ಕ ಪಕ್ಕ ಇಟ್ಟು ನೋಡ್ಬೇಕು" ಅಂದರು.

ಹಬ್ಬದ ದಿನ ಮಧ್ಯಾಹ್ನ ಒಂದು ಕೊಳದಪ್ಪಲೆ ತುಂಬಾ ಸುರ್ಕುಂಬ ಹೊರಿಸಿಕೊಂಡು ಬಂದರು. ಶಾವಿಗೆ, ಗೋಡಂಬಿ, ಖರ್ಜೂರ. ಮಕ್ಕಳು ಲೋಟ ನೆಕ್ಕಿ ಮುಗಿಸೋವರೆಗೂ ಕಾದಿದ್ದು, ಆಮೇಲೆ ತೀರ್ಪು ಕೊಟ್ಟರು. "ನೋಡ್ದೆ. ನಿಮ್ದೇ ಚಂದ. ಅಸಲಿ ಬಂದಿತ್ತಂತೆ, ಅವಸರದಲ್ಲಿತ್ತು, ಹೊರಟೋಯ್ತು. ನಿಮ್ದು ನಂಗೋಸ್ಕರ ನಿಂತಿತ್ತು."

ಆ ಚಂದ್ರ ಮಳೆಗಾಲದವರೆಗೂ ಮರದಲ್ಲೇ ಇತ್ತು.

ಜಂಬೂಸವಾರಿ

ಅರವತ್ತರ ದಶಕ ಬರೋ ಹೊತ್ತಿಗೆ ನಮ್ಮ ಶಿಶುವಿಹಾರಕ್ಕೆ ಸ್ವಲ್ಪ ಹೆಸರು ಬಂದಿತ್ತು. ಒಂದು ದಸರಾಕ್ಕೆ ಮಲ್ಲೇಶ್ವರದ ಒಂದು ಸಭಾಂಗಣದಲ್ಲಿ ಹಬ್ಬದ ತಿಂಡಿ ಮತ್ತು ಮಕ್ಕಳ ಕೈಕೆಲಸದ ಪ್ರದರ್ಶನ ಅಂತ ಮಾಡಿ ನಮ್ಮನ್ನೂ ಕರೆದರು. ಪೇಟೆ ಶಾಲೆಗಳಲ್ಲಿ ಬಣ್ಣದ ಕಾಗದ, ಮಣಿ, ಜರಿ ಎಲ್ಲ ಇರುತ್ತೆ. ನಮ್ಮಲ್ಲಿದ್ದದ್ದು ತರಕಾರಿ. ಸರಿ, ತರಕಾರಿ, ತಿಂಡಿ ಎರಡರಲ್ಲೂ ಜಂಬೂಸವಾರಿ ಮಾಡೋಣ ಅಂತ ತೀರ್ಮಾನ ಆಯಿತು.

ಬೆಂಡೆಕಾಯಿ ಸಿಪಾಯಿಗಳು, ಸಾಸಿವೆ ಕಣ್ಣು. ಬದನೆಕಾಯಿ ಕುದುರೆಗಳು. ನುಗ್ಗೆಕಾಯಿ ಫಿರಂಗಿಗೆ ಚಕ್ಕುಲಿ ಚಕ್ರ. ಎಲ್ಲದಕ್ಕಿಂತ ಮುಂದೆ ಆನೆ. ಸೋರೆಕಾಯಿ ಮೈ, ಮೂಲಂಗಿ ಕಾಲು, ಎಲೆಕೋಸಿನ ಕಿವಿ, ಎಳೇ ಪಡವಲಕಾಯಿ ಸೊಂಡಿಲು. ಬೆನ್ನ ಮೇಲೆ ಬೆಲ್ಲದಚ್ಚಿನ ಅಂಬಾರಿ, ಅದಕ್ಕೆ ಚೆಂಡುಹೂವಿನ ಎಸಳು. ಆನೆ ಮಾಡಿದ್ದು ಗೌಡರ ತೋಟ ನೋಡಿಕೊಳ್ಳುತ್ತಿದ್ದವರ ಮಗಳು, ಮುಂದಿನ ಹಲ್ಲು ಬಿದ್ದ ಹುಡುಗಿ. ಮಾತು ಕಡಿಮೆ. ಆ ಆನೆಯನ್ನ ನೋಡಲು ಊರೇ ಬಂದಿತ್ತು. ಗೌಡರು ಕೈಮುಗಿದೂ ಬಿಟ್ಟರು.

ಗೌಡರ ಗಾಡಿಯಲ್ಲೇ ಹೊರಟೆವು. ಹಾದಿಯುದ್ದಕ್ಕೂ ಹುಡುಗಿ ಆನೆಗೆ ಬಿಸಿಲು ತಾಗದ ಹಾಗೆ ಲಂಗ ಹರಡಿ ಹಿಡಿದಿದ್ದಳು. ಸಭಾಂಗಣದ ಎದುರು ಮರದ ಕೆಳಗೆ ಗಾಡಿ ನಿಂತಿತು. ಆನೆ, ಸಿಪಾಯಿಗಳನ್ನ ಇಟ್ಟಿದ್ದ ತಟ್ಟೆಗಳನ್ನ ಇಳಿಸಿಟ್ಟು, ನಮ್ಮ ಜಾಗ ಯಾವುದು ಅಂತ ಕೇಳಿಕೊಂಡು ಬರೋಣ ಅಂತ ಎಲ್ಲರನ್ನೂ ಕರೆದುಕೊಂಡು ಒಳಗೆ ಹೋದೆ. ಗಾಡಿಯವನು ಎತ್ತು ಬಿಚ್ಚಿ ನೀರು ತರಲು ಹೋದ.

ಬಂದು ನೋಡಿದರೆ ಆನೆ ಇಲ್ಲ. ಬಲಗಡೆಯ ಎತ್ತಿನ ಬಾಯಿಂದ ಪಡವಲಕಾಯಿ ಜೋತಾಡ್ತಿತ್ತು. ದೂರದಿಂದ ನೋಡಿದವರಿಗೆ ಎತ್ತಿಗೇ ಸೊಂಡಿಲು ಬಂದ ಹಾಗಿತ್ತು. ನಾವು ನೋಡ್ತಿರೋ ಹಾಗೇ ಅದೂ ಒಳಗೆ ಹೋಯಿತು. ಅಂಬಾರಿಯ ಗುರುತಿಗೆ ಎತ್ತಿನ ಮೂತಿಗೆ ಒಂದೆರಡು ಚೆಂಡುಹೂವಿನ ಎಸಳು ಅಂಟಿಕೊಂಡಿತ್ತು.

ನನಗೆ ಅಳು ಬಂತು. ಆನೆ ಇಲ್ಲದ ಜಂಬೂಸವಾರಿ ಇಟ್ಟುಕೊಂಡು ಏನು ಮಾಡೋದು, ವಾಪಸ್ ಹೋಗೋಣ ಅಂದೆ. ಹುಡುಗಿ ಎತ್ತನ್ನ ಒಂದು ಸಲ ನೋಡಿದಳು. ಉಳಿದ ತಟ್ಟೆ ಎತ್ತಿಕೊಂಡು ಒಳಗೆ ನಡೆದಳು. ಮೇಜಿನ ಮೇಲೆ ಸಿಪಾಯಿಗಳನ್ನೆಲ್ಲ ಒಂದೇ ಕಡೆ ತಿರುಗಿಸಿ, ಕುದುರೆಗಳನ್ನ ಅಂಚಿನವರೆಗೂ ತಂದು ನಿಲ್ಲಿಸಿ, ಪಕ್ಕದಲ್ಲಿ ಕೈಕಟ್ಟಿ ನಿಂತಳು.

ತೀರ್ಪುಗಾರರು ಬಂದರು. ಜರಿ ರುಮಾಲು ಕಟ್ಟಿದ್ದ ನಿವೃತ್ತ ಹೆಡ್‌ಮಾಸ್ಟರು, ನಗುವವರ ಹಾಗೆ ಕಾಣಲಿಲ್ಲ. ಬೋರ್ಡು ಓದಿ, ಕನ್ನಡಕ ಸರಿಮಾಡಿಕೊಂಡು ಮೇಜಿನ ಮೇಲೆಲ್ಲ ಹುಡುಕಿದರು.

"ಜಂಬೂಸವಾರಿ ಅಂತ ಹಾಕಿದೀರಿ. ಆನೆ ಎಲ್ಲಮ್ಮ?"

ಹುಡುಗಿ ಮೇಜಿನ ಅಂಚಿನಾಚೆ ಕೈ ತೋರಿಸಿದಳು. "ಆನೆ ಮುಂದಕ್ಕೋಯ್ತು ಸಾ. ನೀವ್ ಬಂದಿದ್ದು ತಡ ಆಯ್ತು."

ಹೆಡ್‌ಮಾಸ್ಟರು ಅವಳನ್ನೇ ನೋಡಿದರು. ಆಮೇಲೆ ಬೆಂಡೆಕಾಯಿ ಸಿಪಾಯಿಗಳನ್ನ ನೋಡಿದರು. ಎಲ್ಲರೂ ಈಗ ತಾನೇ ಆನೆ ದಾಟಿಹೋದ ದಿಕ್ಕಿಗೇ ಮುಖ ಮಾಡಿದ್ದರು. "ಕ್ಷಮಿಸಬೇಕಮ್ಮ" ಅಂತ ಹೇಳಿ, ಬಾಯಿಗೆ ಕರ್ಚೀಫು ಒತ್ತಿಕೊಂಡು ಮುಂದೆ ಹೋದರು.

ಸಂಜೆ ಎರಡನೇ ಬಹುಮಾನ ನಮಗೆ ಬಂತು. ಬಣ್ಣದ ಪೆನ್ಸಿಲಿನ ದೊಡ್ಡ ಪೆಟ್ಟಿಗೆ. ಇಡೀ ಸಭೆ ತುಂಬಾ ಪೇಟೆಯ ಜನ, ಮೊದಲ ಸಾಲಿನಲ್ಲಿ ನಮ್ಮ ಜೊತೆಗೇ ಬಂದಿದ್ದ ಗೌಡರು ಹೊಸ ಪಂಚೆ ಉಟ್ಟು ಕೂತಿದ್ದರು. ನಮ್ಮ ಹುಡುಗಿ ವೇದಿಕೆ ಹತ್ತಿದಾಗ ನನ್ನ ಎದೆ ಎಷ್ಟು ಉಬ್ಬಿತ್ತು ಅಂದರೆ ಕುಪ್ಪಸ ಬಿಗಿಯಾಯಿತು. ಹೆಡ್‌ಮಾಸ್ಟರು ಪೆಟ್ಟಿಗೆ ಕೊಟ್ಟು, ಮೈಕನ್ನ ಅವಳ ಎತ್ತರಕ್ಕೆ ಬಗ್ಗಿಸಿ, ಎಲ್ಲರಿಗೂ ಕೇಳೋ ಹಾಗೆ ಅಂದರು, "ಅಷ್ಟು ಚೆಂದದ ಆನೆಯನ್ನ ನೋಡೋ ಭಾಗ್ಯ ನಮಗಿರಲಿಲ್ಲ. ಈ ಹೊತ್ತಿಗೆ ಅದು ಬನ್ನಿಮಂಟಪ ಮುಟ್ಟಿರಬೇಕು, ಅಲ್ವೇನಮ್ಮಾ?"

ಹುಡುಗಿ ಮೈಕನ್ನ ಇನ್ನೂ ಹತ್ತಿರ ಎಳೆದುಕೊಂಡಳು.

"ಇಲ್ಲ ಸಾ. ಒರಗಡೆ ಮರದ್ ಕೆಳಗೈತೆ. ಮಲಿಕ್ಕಂಡು ಮೆಲುಕಾಕ್ತೈತೆ."