ಒಂಬತ್ತನೇ ನಿಯಮ

ಅನರ್ಥಕ್ಕೆಲ್ಲ ಮೂಲ ಒಂದು ಅಂಗಿಯ ಜೇಬು. ಅದರಲ್ಲಿ ಎಂಟು ದಿನದಿಂದ ಒಂದು ನೋಟೀಸು ಮಡಚಿಕೊಂಡು ಮಲಗಿತ್ತು. ಅಂಗಿ ಬದಲಾದಾಗಲೆಲ್ಲ ಅದೂ ಜೇಬು ಬದಲಿಸುತ್ತಿತ್ತು. ಆ ದಿನ ಬೆಳಿಗ್ಗೆ ಮಾತ್ರ ಅವಸರದಲ್ಲಿ ಹಳೇ ಅಂಗಿಯ ಜೊತೆ ಒಗೆಯುವ ಬುಟ್ಟಿಗೆ ಬಿತ್ತು.

ಅಂಗಿಯ ಯಜಮಾನ ಒಳಚರಂಡಿ ಮಂಡಳಿಯ ಗುಮಾಸ್ತ. ಕಚೇರಿಯಲ್ಲಿ ಅವನನ್ನು ಎಲ್ಲರೂ ನ್ಯಾಯಪ್ಪ ಎನ್ನುತ್ತಿದ್ದರು, ಹೊಗಳುವುದಕ್ಕಲ್ಲ. ಊರಿನ ಕಾರ್ಖಾನೆಗಳೆಲ್ಲ ಕಟ್ಟುತ್ತಿದ್ದುದು ಒಂದೇ ಚರಂಡಿ ದರ. ಹೊಳೆಯನ್ನೇ ಕಪ್ಪು ಮಾಡುವ ಚರ್ಮದ ಕಾರ್ಖಾನೆಗೂ ಅಷ್ಟೇ, ಎರಡು ಯಂತ್ರ ಇಟ್ಟುಕೊಂಡು ಆಸ್ಪತ್ರೆಯ ಹೊದಿಕೆ ಒಗೆಯುವ ಅವನ ಅತ್ತೆಯ ಲಾಂಡ್ರಿಗೂ ಅಷ್ಟೇ. ಆನೆಗೂ ಇರುವೆಗೂ ಒಂದೇ ಅಳತೆಯ ಚಡ್ಡಿ ಹೊಲಿದ ಹಾಗೆ. ಗಂಡ ಸತ್ತ ಮೇಲೆ ಅತ್ತೆ ಆ ಲಾಂಡ್ರಿಯಿಂದಲೇ ಮಗಳನ್ನು ಓದಿಸಿ, ಮದುವೆ ಮಾಡಿ, ಅಳಿಯನಿಗೆ ಮೇಲಿನ ಎರಡು ಕೋಣೆಯನ್ನೂ ಬಿಟ್ಟುಕೊಟ್ಟಿದ್ದಳು. ಈಗ ಚರಂಡಿ ದರವೇ ಅವಳ ಕತ್ತು ಹಿಸುಕುತ್ತಿತ್ತು.

"ಈ ವರ್ಷವೂ ಇಳೀಲಿಲ್ಲ ಅಂದ್ರೆ ಬಾಗಿಲು ಹಾಕೋದೇ, ಅಳಿಯಂದ್ರೇ," ಎಂದಿದ್ದಳು.

"ಕಾಲು ಭಾಗಕ್ಕೆ ಇಳಿಯುತ್ತೆ ಅತ್ತೆ. ಗೋಡೆ ಮೇಲೆ ಬರೆದಿಟ್ಕೊಳ್ಳಿ," ಎಂದಿದ್ದ ನ್ಯಾಯಪ್ಪ.

ಬರಿ ಬಾಯಿಮಾತಲ್ಲ. ಮೂರು ವರ್ಷ ಟಿಪ್ಪಣಿ ಬರೆದೂ ಬರೆದೂ ಅವನು ಹೊಸ ನಿಯಮ ಮಾಡಿಸಿದ್ದ: ಕೊಳೆ ಎಷ್ಟೋ ದರ ಅಷ್ಟು. ಪ್ರತಿ ಕಾರ್ಖಾನೆಯ ನೀರು ಬೀಳುವ ಮ್ಯಾನ್‌ಹೋಲಿನಿಂದ ಒಂದು ಬಾಟಲಿ ಸ್ಯಾಂಪಲ್, ಅದರ ಮೇಲೆ ವರ್ಷದ ದರ. ಸಾಹೇಬರು ಎಲ್ಲ ಒಪ್ಪಿ ಕೊನೆಗೆ ಒಂದು ಸಾಲು ಸೇರಿಸಿದರು: ಎಂಟು ದಿನ ಮೊದಲು ನೋಟೀಸು ಕೊಡತಕ್ಕದ್ದು.

"ಕಳ್ಳನ ಮನೆಗೆ ಪೊಲೀಸರು ಬರೋ ಹೊತ್ತು ಹೇಳಿ ಕಳಿಸ್ತಾರಾ ಸಾರ್?"

"ಮರ್ಯಾದಸ್ಥರು ಕಣಯ್ಯ ಅವರು. ನೀನು ಬಾಟಲಿ ತೊಳಿ ಹೋಗು."

ಆ ಸಿಟ್ಟಿನಲ್ಲೇ ನ್ಯಾಯಪ್ಪ ಒಂಬತ್ತನೇ ನಿಯಮ ಬರೆದ. ತೆಗೆದ ಸ್ಯಾಂಪಲ್ಲೇ ಅಂತಿಮ. ಯಾರ ನೆಪವನ್ನೂ ಕೇಳತಕ್ಕದ್ದಲ್ಲ. ಒಂದು ವರ್ಷ ಮರುಪರೀಕ್ಷೆ ಇಲ್ಲ. ದೊಡ್ಡವರ ಬಾಯಿಗೆ ಬೀಗ ಹಾಕಿದೆನೆಂದು ಅವತ್ತು ಎರಡು ಟೀ ಕುಡಿದ.

ನೋಟೀಸುಗಳನ್ನು ಹಂಚಿದ ಅಟೆಂಡರ್ ಒಂದನ್ನು ಅವನ ಕೈಗೇ ಕೊಟ್ಟ. "ನಿಮ್ಮ ಅತ್ತೇದು. ನೀವೇ ಕೊಟ್ಬಿಡಿ ಅಣ್ಣ, ನಂಗೊಂದು ಮೆಟ್ಟಿಲು ಉಳೀತು."

ನ್ಯಾಯಪ್ಪ ಕೊಡಲಿಲ್ಲ. ಮನೆಯವರಿಗೇ ದಿನ ಹೇಳಿಕೊಟ್ಟರೆ ನಾಳೆ ಯಾವ ಮುಖ ಇಟ್ಟುಕೊಂಡು ಊರವರ ಮೇಲೆ ಬೆರಳು ತೋರಿಸುವುದು? ಅತ್ತೆಯ ನೀರಿನಲ್ಲಿ ಇರುವುದಾದರೂ ಏನು, ಒಂದಿಷ್ಟು ಸೋಪಿನ ನೊರೆ. ಹೀಗೆಂದುಕೊಂಡು ಜೇಬಿಗಿಟ್ಟ.

ಆ ದಿನ ಬಂತು. ಅಟೆಂಡರ್ ಹೆಗಲ ಮೇಲೆ ಹಾರೆ, ನ್ಯಾಯಪ್ಪನ ಕೈಯಲ್ಲಿ ಬಾಟಲಿಗಳ ಪೆಟ್ಟಿಗೆ.

ಮೊದಲು ಬಣ್ಣದ ಕಾರ್ಖಾನೆ. ದಿನಾ ಕೆಂಪೋ ನೀಲಿಯೋ ಹರಿಯುತ್ತಿದ್ದ ಮ್ಯಾನ್‌ಹೋಲಿನ ಮುಚ್ಚಳ ಎತ್ತಿ ಬಗ್ಗಿದರೆ, ನ್ಯಾಯಪ್ಪನಿಗೆ ತನ್ನ ಮೀಸೆಯ ಎರಡು ನರೆಕೂದಲೂ ಕಾಣಿಸಿದವು.

"ಬಿಂದಿಗೆ ತರಬೇಕಾಗಿತ್ತು ಅಣ್ಣ," ಎಂದ ಅಟೆಂಡರ್. "ನಮ್ಮ ಬೀದಿ ನಲ್ಲೀಲಿ ಇಷ್ಟು ಒಳ್ಳೇ ನೀರು ಬರಲ್ಲ."

ಚರ್ಮದ ಕಾರ್ಖಾನೆಯ ಹತ್ತಿರ ಯಾವಾಗಲೂ ಕಾಗೆ ಕೂಡ ಉಸಿರು ಬಿಗಿಹಿಡಿದು ಹಾರುತ್ತಿತ್ತು. ಇವತ್ತು ವಾಸನೆಯ ಸುಳಿವೇ ಇಲ್ಲ. ಮ್ಯಾನೇಜರ್ ಬಾಗಿಲಲ್ಲೇ ಹಲ್ಲು ಬಿಟ್ಟುಕೊಂಡು ನಿಂತಿದ್ದ. ಒಳಗೆ ಯಂತ್ರಗಳೆಲ್ಲ ನಿಂತಿವೆ, ನಾಲ್ಕು ನಲ್ಲಿ ಮಾತ್ರ ಧೋ ಎಂದು ಹರಿಯುತ್ತಿವೆ.

"ಇಪ್ಪತ್ತು ವರ್ಷದ ಹೊಲಸು ಎಲ್ಲಿ ಹೋಯ್ತು ರೀ?" ಗುಡುಗಿದ ನ್ಯಾಯಪ್ಪ.

"ಯಾವ ಹೊಲಸು ಸಾರ್? ಸ್ಯಾಂಪಲ್ ನಿಮ್ಮ ಕೈಯಲ್ಲೇ ಇದೆಯಲ್ಲ."

"ನೆಪ ಹೇಳಬೇಡಿ!"

"ಅಯ್ಯೋ, ನಾವೆಲ್ಲಿ ನೆಪ ಹೇಳಿದ್ವಿ? ಆ ಒಂಬತ್ತನೇ ನಿಯಮ ಎಷ್ಟು ಚೆನ್ನಾಗಿದೆ ಸಾರ್! ಯಾರು ಬರೆದದ್ದು ಅದನ್ನ?"

ಅಟೆಂಡರ್ ಕೆಮ್ಮಿದ. ನ್ಯಾಯಪ್ಪ ಆ ತಿಳಿನೀರಿನ ಬಾಟಲಿಗೆ ಚೀಟಿ ಕಟ್ಟುವಾಗ ದಾರ ಎರಡು ಸಲ ಕಿತ್ತುಬಂತು.

ಕೊನೆಯದು ಅತ್ತೆಯ ಗಲ್ಲಿ. ಲಾಂಡ್ರಿಯ ಮುಂದಿನ ಮ್ಯಾನ್‌ಹೋಲಿಗೆ ಒಂದು ಟ್ಯಾಂಕರ್ ಸೊಂಡಿಲು ಇಳಿಬಿಟ್ಟುಕೊಂಡು ನಿಂತಿತ್ತು. ಗಲ್ಲಿಯ ತುಂಬ ಸತ್ತ ಎಮ್ಮೆಯ ನಾತ.

"ಏಯ್! ಏನೋ ಇದು?"

ಡ್ರೈವರ್ ಪೈಪು ಸುತ್ತುತ್ತಾ ಹೇಳಿದ: "ಬೆಳಗಿಂದ ಆರನೇ ಲೋಡು ಸಾಮಿ. ಚರ್ಮದ್ದು ನಾಲ್ಕು, ಬಣ್ಣದ್ದು ಎರಡು. ಇವತ್ತು ಅಲ್ಲಿ ಯಾರೋ ಬಾಟಲಿ ಹಿಡ್ಕೊಂಡು ಬರ್ತಾನಂತೆ. ಈ ಗಲ್ಲೀಲಿ ಫ್ಯಾಕ್ಟರಿ ಇಲ್ಲವಲ್ಲ, ಯಾರೂ ನೋಡಲ್ಲ, ಇಲ್ಲೇ ಬಿಡು ಅಂದ್ರು." ಟ್ಯಾಂಕರ್ ಹೊರಟೇಹೋಯಿತು.

ಮ್ಯಾನ್‌ಹೋಲಿನೊಳಗೆ ಟಾರಿನಂಥ ನೀರು. ಮೇಲೆ ನೀಲಿ ಕೆನೆ. ಕೆನೆಯ ಮೇಲೆ ಚರ್ಮದ ರೋಮ.

"ನಾಳೆ ತೆಗೆಯೋಣ," ಎಂದ ನ್ಯಾಯಪ್ಪ.

"ತಾರೀಖು ಇವತ್ತಿಂದು ಅಣ್ಣ. ನಿಯಮ ನೀವೇ ಬರೆದದ್ದು."

ಸಾಹೇಬರಿಗೆ ಫೋನು ಮಾಡಿದ. ಟ್ಯಾಂಕರಿನ ಕತೆಯನ್ನೆಲ್ಲ ಕೇಳಿ ಅವರು ಆಕಳಿಸಿದರು. "ನೆಪ ಅಂದ್ರೆ ಇದೇ ಅಲ್ಲವೇನಯ್ಯ? ನಿಮ್ಮ ಅತ್ತೆಗೊಂದು ನಿಯಮ, ಊರಿಗೊಂದು ನಿಯಮ ಮಾಡೋಕಾಗುತ್ತಾ? ತುಂಬ್ಕೊಂಡು ಬಾ."

ತುಂಬಿಕೊಂಡ. ಲಾಂಡ್ರಿಯ ಒಳಗಿಂದ ಅತ್ತೆ ಮೂಗಿಗೆ ಸೆರಗು ಒತ್ತಿಕೊಂಡು ಕೂಗಿದಳು: "ಅಳಿಯಂದ್ರೇ, ಏನಿದು ನಾತ? ನಿಮ್ಮ ಕಚೇರಿಗೆ ಒಂದು ಮಾತು ಹೇಳಬಾರದಾ?"

"ಹೇಳ್ತೀನಿ ಅತ್ತೆ," ಎಂದು ತಲೆ ತಗ್ಗಿಸಿಕೊಂಡು ಹೊರಟ.

ಕಚೇರಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಕುಳಿತು ಬಾಟಲಿಗಳನ್ನು ನೋಡಿದ. ಕಪ್ಪು ನೀರಿನ ಕತ್ತಿನಲ್ಲಿ ಅತ್ತೆಯ ಚೀಟಿ. ತಿಳಿನೀರಿನ ಕತ್ತಿನಲ್ಲಿ ಚರ್ಮದ ಕಾರ್ಖಾನೆಯ ಚೀಟಿ. ಹದಿನೆಂಟು ವರ್ಷದ ನೌಕರಿಯಲ್ಲಿ ಒಂದು ಗುಂಡುಸೂಜಿಯನ್ನೂ ಮನೆಗೊಯ್ದವನಲ್ಲ. ಆದರೆ ಈ ಕಪ್ಪು ಯಾರದು? ಚರ್ಮದವರದೇ. ಅವರ ಗಂಟು ಅವರಿಗೆ ಸೇರಿಸಿದರೆ ಅದು ಮೋಸ ಹೇಗಾದೀತು? ದಾರ ಬಿಚ್ಚಿದ. ಚೀಟಿಗಳನ್ನು ಅದಲು ಬದಲು ಮಾಡಿ ಕಟ್ಟಿದ. ಪೆಟ್ಟಿಗೆಯನ್ನು ಲ್ಯಾಬಿನವನ ಮೇಜಿನ ಮೇಲಿಟ್ಟು ಬಂದು, ಬಹಳ ದಿನದ ಮೇಲೆ ನೆಮ್ಮದಿಯಾಗಿ ಊಟ ಮಾಡಿದ.

ಸಂಜೆ ಸಾಹೇಬರು ಎಲ್ಲರನ್ನೂ ಕರೆಸಿ ಪಟ್ಟಿ ಓದಿದರು. "ಬಣ್ಣದ ಕಾರ್ಖಾನೆ, ಅತಿ ಕಡಿಮೆ ದರ. ಚರ್ಮದ ಕಾರ್ಖಾನೆ, ಅತಿ ಕಡಿಮೆ. ಲಾಂಡ್ರಿ..." ಕನ್ನಡಕ ಸರಿಮಾಡಿಕೊಂಡರು. "ಅಬ್ಬ! ಈಗಿನ ಹತ್ತರಷ್ಟು!"

ನ್ಯಾಯಪ್ಪನಿಗೆ ಕಿವಿಯಲ್ಲಿ ಟ್ಯಾಂಕರ್ ಹಾದುಹೋದ ಹಾಗಾಯಿತು.

"ನೋಡ್ರಯ್ಯ," ಸಾಹೇಬರು ಅವನ ಬೆನ್ನು ತಟ್ಟಿದರು. "ಸ್ವಂತ ಅತ್ತೆ ಅಂತಲೂ ನೋಡದೆ ಸ್ಯಾಂಪಲ್ ತಂದ. ಇವನಿಗೆ ಪ್ರಶಂಸಾಪತ್ರ ಕೊಡಬೇಕು." ಎಲ್ಲರೂ ಚಪ್ಪಾಳೆ ತಟ್ಟಿದರು. ಅಟೆಂಡರ್ ಎಲ್ಲರಿಗಿಂತ ಜೋರಾಗಿ ತಟ್ಟಿದ.

ನ್ಯಾಯಪ್ಪ ಓಡಿಹೋಗಿ ಲ್ಯಾಬಿನವನ ಕೊರಳಪಟ್ಟಿ ಹಿಡಿದ. "ಚರ್ಮದವರ ಚೀಟಿ ಇದ್ದ ಬಾಟಲಿ ಕಪ್ಪಗಿತ್ತು! ಕಣ್ಣಾರೆ ನೋಡಿ ಇಟ್ಟಿದ್ದೆ! ಏನು ಮಾಡ್ದೆ ಹೇಳು!"

ಲ್ಯಾಬಿನವನು ಕುಸಿದು ಅವನ ಕಾಲು ಹಿಡಿದುಕೊಂಡ. "ಗೊತ್ತಾಗೋಯ್ತಾ ಅಣ್ಣ? ನನ್ನ ತಮ್ಮನಿಗೆ ಅಲ್ಲಿ ಕೆಲಸ ಕೊಟ್ಟಿದಾರೆ. ಅವರ ಚೀಟಿ ಇದ್ದ ಬಾಟಲಿ ನೋಡಿದ್ರೆ ಕಾಡಿಗೆ ಇದ್ದ ಹಾಗಿತ್ತು. ನಿಮ್ಮ ಅತ್ತೇದು ಸ್ಫಟಿಕ. ಮನಸ್ಸು ತಡೀಲಿಲ್ಲ, ಎರಡೂ ಚೀಟಿ ಬದಲಾಯಿಸಿಬಿಟ್ಟೆ. ಸಾಹೇಬರಿಗೆ ಹೇಳಿದ್ರೆ ನನ್ನ ಅನ್ನ ಹೋಗುತ್ತೆ ಅಣ್ಣ!"

ನ್ಯಾಯಪ್ಪ ಸಾಹೇಬರ ಕೋಣೆಯ ಕಡೆ ನೋಡಿದ. ಹೇಳಬೇಕು. ಏನಂತ? ನಾನು ಕಟ್ಟಿದ ಸುಳ್ಳನ್ನು ಇವನು ಬಿಚ್ಚಿದ ಅಂತಲೇ? ಕೊರಳಪಟ್ಟಿ ಬಿಟ್ಟ.

"ಯಾರಿಗೂ ಹೇಳಲ್ಲ, ಏಳು," ಎಂದ.

"ದೇವರಂಥವರು ಅಣ್ಣ ನೀವು," ಎಂದು ಲ್ಯಾಬಿನವನು ಕಣ್ಣೊರೆಸಿಕೊಂಡ.

ಮನೆಗೆ ಹೋದರೆ ಸುದ್ದಿ ಅವನಿಗಿಂತ ಮೊದಲೇ ಬಂದು ಕೂತಿತ್ತು. ಅಟೆಂಡರ್ ಇಂಥದಕ್ಕೆ ಮಾತ್ರ ಮೆಟ್ಟಿಲಿನ ಲೆಕ್ಕ ಇಡುತ್ತಿರಲಿಲ್ಲ. ಲಾಂಡ್ರಿಯ ಯಂತ್ರಗಳೆರಡೂ ನಿಂತಿದ್ದವು. ಒಗೆಯುವ ಮೊದಲು ಜೇಬು ತಡಕುವುದು ಅತ್ತೆಯ ಮೂವತ್ತು ವರ್ಷದ ರೂಢಿ. ಅವಳ ಒಂದು ಕೈಯಲ್ಲಿ ಅಳಿಯನ ನಿನ್ನೆಯ ಅಂಗಿ, ಇನ್ನೊಂದರಲ್ಲಿ ನೋಟೀಸು.

"ಎಂಟು ದಿನದ ಹಿಂದಿಂದು," ಎಂದಳು. ದನಿ ಏರಲಿಲ್ಲ, ಏರಿದ್ದರೆ ಚೆನ್ನಾಗಿತ್ತು. "ಇದು ನನ್ನ ಕೈಗೆ ಬಂದಿದ್ರೆ ಬೆಳಗಾಗೋ ಮೊದಲೇ ಆ ಮುಚ್ಚಳದ ಮೇಲೆ ಕುರ್ಚಿ ಹಾಕ್ಕೊಂಡು ಕೂತಿರ್ತಿದ್ದೆ. ಯಾವ ಟ್ಯಾಂಕರಿನವನು ಎಬ್ಬಿಸ್ತಿದ್ದ ನನ್ನ?"

"ಅತ್ತೆ, ಅದು... ನ್ಯಾಯವಾಗಿ ನಡೀಬೇಕು ಅಂತ..."

"ನಡೀತಲ್ಲ."

ಅತ್ತೆ ಅಂಗಿಯನ್ನು ಒಗೆಯದೆಯೇ ಮಡಚಿ, ನೋಟೀಸನ್ನು ಮತ್ತೆ ಅದರ ಜೇಬಿಗೆ ಸೇರಿಸಿ, ಅವನ ಕೈಗಿಟ್ಟಳು.

"ಇನ್ನು ಮೇಲೆ ನಿಮ್ಮ ಬಟ್ಟೆ ನೀವೇ ಒಗ್ಕೊಳ್ಳಿ, ಅಳಿಯಂದ್ರೇ. ನೀರು ಮಾತ್ರ ನಮ್ಮ ಮೋರಿಗೆ ಬಿಡಬೇಡಿ."